ಮುರಕ್ಕಬಾತಿನಲ್ಲೊಂದು ಮಲೀದಾ ತಟ್ಟೆ

ವಿಮಾನ ನಿಲ್ದಾಣ

ನಾನು ದುಬೈ ತಲುಪಿದೆ. ನನ್ನ ಪೆಟ್ಟಿಗೆ ಮುಂಬಯಿಯಲ್ಲಿಯೇ ಉಳಿಯಿತು. ಅದರಲ್ಲಿ ಬಟ್ಟೆಗಳಿದ್ದವು, ಸಂದರ್ಶನದ ಪ್ರಶ್ನಾವಳಿಗಳಿದ್ದವು, ಅವೆರಡಕ್ಕಿಂತ ಮುಖ್ಯವಾಗಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಾನೇ ನಿಂತು ಜರಡಿ ಹಿಡಿಸಿ ಕಟ್ಟಿಸಿದ ಅವಲಕ್ಕಿಯ ಗಂಟು ಇತ್ತು. ಕಳೆದುಹೋದ ಸಾಮಾನುಗಳ ಕಿಟಕಿಯಲ್ಲಿ ಕುಳಿತಿದ್ದ ಕೇರಳದ ಹುಡುಗಿ, ಪೆಟ್ಟಿಗೆಯಲ್ಲಿ ಬೆಲೆಬಾಳುವ ವಸ್ತು ಏನಾದರೂ ಇದೆಯೇ ಎಂದು ವಿಚಾರಿಸಿದಳು. ಇದ್ದುದನ್ನು ಇದ್ದ ಹಾಗೆ ಹೇಳುವುದು ನನ್ನ ಅಭ್ಯಾಸ. ‘ಅವಲಕ್ಕಿ’ ಎಂದೆ.

‘ಅವಲ್?’ ಎಂದು ಅವಳು ತಲೆಯೆತ್ತಿ ನೋಡಿದಳು. ನಗು ತಡೆದುಕೊಂಡೇ ಬರೆದುಕೊಂಡಳು.

ಹೊರಗೆ ಕಾದಿದ್ದ ರಿಬ್ಕಾಳಿಗೆ ನನ್ನ ಬರಿಗೈ ಕಂಡ ಕೂಡಲೇ ವಿಷಯ ತಿಳಿಯಿತು. ಮೂರು ದಶಕಗಳ ಮೇಲೆ ಭೇಟಿಯಾದ ಗೆಳತಿಯರು ಮೊದಲು ಏನು ಮಾತನಾಡಬೇಕೆಂದು ನಾನು ವಿಮಾನದಲ್ಲಿ ಬಹಳ ಯೋಚಿಸಿದ್ದೆ. ಅದೆಲ್ಲ ವ್ಯರ್ಥವಾಯಿತು.

‘ಅವಲಕ್ಕಿ ಎಲ್ಲೈತಿ?’

‘ಮುಂಬೈದಾಗ ಐತಿ.’

‘ಅದು ಬಂದು ನೀನು ಉಳದಿದ್ರ ಚಂದಿತ್ತಲ್ಲವಾ ಸರೋಜಾ!’ ಎಂದು ಹೇಳಿ, ಆಮೇಲೆ ನನ್ನನ್ನು ತಬ್ಬಿಕೊಂಡಳು.

ಇಷ್ಟು ಶುದ್ಧವಾದ ಹುಬ್ಬಳ್ಳಿಯ ಮಾತನ್ನು ನಾನು ಈಚೆಗೆ ಹುಬ್ಬಳ್ಳಿಯಲ್ಲಿಯೂ ಕೇಳಿರಲಿಲ್ಲ. ಊರನ್ನು ಬೇಗ ಬಿಟ್ಟವರ ಬಾಯಲ್ಲಿ ಊರಿನ ಮಾತು ಹಾಗೆಯೇ ಉಳಿಯುತ್ತದೆ. ಬಳಸಿ ಸವೆಸುವವರು ಊರಿನಲ್ಲಿರುವ ನಾವು.

ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದವಳು. ಸ್ವಯಂನಿವೃತ್ತಿ ಪಡೆದ ಮೇಲೆ ಒಂದು ಸಂಶೋಧನಾ ಕೇಂದ್ರವನ್ನು ಸೇರಿ, ನಮ್ಮ ಸೀಮೆಯಿಂದ ಹೊರಟುಹೋದ ಸಣ್ಣ ಸಮುದಾಯಗಳ ಬದುಕನ್ನು ಅಭ್ಯಾಸ ಮಾಡುತ್ತಿದ್ದೇನೆ. ಈ ಬಾರಿಯ ವಿಷಯ ಯೆಹೂದಿಗಳು: ಇಂದು ಅವರು ತಮ್ಮ ಗುರುತನ್ನು ಎಲ್ಲಿ ತೋರಿಸುತ್ತಾರೆ, ಎಲ್ಲಿ ಮರೆಮಾಡುತ್ತಾರೆ, ಏಕೆ? ರಿಬ್ಕಾ ನನ್ನ ಅಭ್ಯಾಸದ ಮೊದಲ ಹೆಸರು. ಅದಕ್ಕಿಂತ ಮೊದಲು ಅವಳು ನನ್ನ ಪಕ್ಕದ ಮನೆಯ ಹುಡುಗಿ.

ಅಲ್ ಮುರಕ್ಕಬಾತ್

ರಿಬ್ಕಾಳ ಮನೆ ದೇರಾ ಭಾಗದ ಅಲ್ ಮುರಕ್ಕಬಾತಿನಲ್ಲಿ, ಕೆಳಗೆ ಎರಡು ಉಪಾಹಾರಗೃಹ, ಒಂದು ಔಷಧದ ಅಂಗಡಿ, ಮೇಲೆ ಎಣಿಸಲಾಗದಷ್ಟು ಬಾಲ್ಕನಿಗಳಿರುವ ಕಟ್ಟಡದಲ್ಲಿದೆ. ಒಂದು ಉಪಾಹಾರಗೃಹದ ಫಲಕದ ಮೂಲೆಯಲ್ಲಿ ಕನ್ನಡವೂ ಇತ್ತು: ‘ಇಲ್ಲಿ ಊಟ ಸೀಗುತ್ತದೆ’. ನಾನು ನಿಂತೆ.

‘ನಡೀ ಒಳಗ. ಬಂದ ದಿನಾನ ಕೆಂಪು ಪೆನ್ನು ತಗೀಬ್ಯಾಡ,’ ಎಂದಳು ರಿಬ್ಕಾ.

ಲಿಫ್ಟಿನಿಂದ ಇಳಿದರೆ ಉದ್ದನೆಯ ಓಣಿ. ಎದುರುಬದುರು ಬಾಗಿಲುಗಳು, ಪ್ರತಿ ಬಾಗಿಲಿನ ಮುಂದೆ ಚಪ್ಪಲಿಗಳ ಗೂಡು. ಬೆಳಕೊಂದನ್ನು ಬಿಟ್ಟರೆ ನಮ್ಮ ರೈಲ್ವೆ ಕಾಲನಿಯ ಸಾಲುಮನೆಗಳೇ ಎನ್ನಿಸಿತು. ಅಲ್ಲಿ ಆಕಾಶವಿತ್ತು, ಇಲ್ಲಿ ಕೊಳವೆದೀಪವಿದೆ, ವ್ಯತ್ಯಾಸ ಅಷ್ಟೇ.

ನಾನು ಒಳಗೆ ಕಾಲಿಡುತ್ತ ಬಲಗೈಯನ್ನು ಬಾಗಿಲ ಚೌಕಟ್ಟಿನತ್ತ ಚಾಚಿದೆ. ಬೆರಳಿಗೆ ಬರಿಯ ಬಣ್ಣ ತಗುಲಿತು.

ಹುಬ್ಬಳ್ಳಿಯಲ್ಲಿ ರಿಬ್ಕಾಳ ಮನೆಯ ಚೌಕಟ್ಟಿನ ಬಲಬದಿಗೆ ಬೆರಳುದ್ದದ ಒಂದು ತಗಡಿನ ಕರಡಿಗೆಯನ್ನು ಓರೆಯಾಗಿ ಹೊಡೆದಿದ್ದರು. ಒಳಗೆ ಅವರ ಧರ್ಮಗ್ರಂಥದ ವಾಕ್ಯಗಳನ್ನು ಬರೆದ ಚರ್ಮದ ಸುರುಳಿ. ಅದಕ್ಕೆ ಮೆಝೂಝಾ ಎಂದು ಹೆಸರು. ಮನೆಯವರು ಹೋಗುತ್ತ ಬರುತ್ತ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು. ಹೊಸ್ತಿಲನ್ನು ಮುಟ್ಟಿ ನಮಸ್ಕರಿಸುವ ಮನೆಯಿಂದ ಬಂದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣದೆ, ನಾನೂ ಹಾಗೆಯೇ ಮಾಡಿ ಒಳಗೆ ಹೋಗುತ್ತಿದ್ದೆ.

ರಿಬ್ಕಾ ನನ್ನ ಚಾಚಿದ ಕೈಯನ್ನು ನೋಡಿದಳು. ‘ಒಳಗೈತಿ, ಮಲಗೂ ಕೋಣಿ ಬಾಗಲಕ್ಕ,’ ಎಂದಳು. ಅವಳ ಗಂಡ ಬೆನ್ನಿ ಸೋಫಾದಿಂದ ಎದ್ದು ನಮಸ್ಕಾರ ಹೇಳಿದರು. ಠಾಣೆಯ ಕಡೆಯವರು, ಹಡಗು ದುರಸ್ತಿ ಮಾಡುವ ಕಟ್ಟೆಯಲ್ಲಿ ಮೇಲ್ವಿಚಾರಕರು. ಹೃದಯದ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದಿದ್ದರೂ ಕೈ ಇನ್ನೂ ಆಗಾಗ ಎದೆಯ ಮೇಲೆ ಹೋಗುತ್ತಿತ್ತು.

ಅವರು ಬದುಕಿ ಮನೆಗೆ ಬಂದರೆ ಮಲೀದಾ ಮಾಡಿಸುವೆನೆಂದು ರಿಬ್ಕಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಹರಕೆ ಹೊತ್ತಿದ್ದಳು. ಕೊಂಕಣದ ಕಡೆಯಿಂದ ಬಂದ ಈ ಯೆಹೂದಿಗಳನ್ನು ಬೆನೆ ಇಸ್ರೇಲ್ ಎನ್ನುತ್ತಾರೆ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಮೇಲೆ ಐದು ಬಗೆಯ ಹಣ್ಣು, ಗುಲಾಬಿಯ ಎಸಳು ಇಟ್ಟು, ಎಲಿಯಾ ಪ್ರವಾದಿಯನ್ನು ನೆನೆದು ಹಾಡುವುದೇ ಮಲೀದಾ. ಲೋಕದ ಉಳಿದ ಯೆಹೂದಿಗಳಿಗೆ ಈ ಪದ್ಧತಿ ಇಲ್ಲ. ಹರಕೆ ಹೊತ್ತಾಯಿತು, ಗಂಡ ಬದುಕಿ ಬಂದರು. ಮಲೀದಾ ಮಾತ್ರ ಆಗಿರಲಿಲ್ಲ.

‘ಯಾಕ?’ ಎಂದು ಕೇಳಿದೆ.

‘ಹಾಡಬೇಕಲ್ಲವಾ. ಹಾಡಿದ್ರ ಓಣಿಗೆ ಕೇಳಸ್ತೈತಿ.’

ಈ ಕಟ್ಟಡದಲ್ಲಿ ಅವಳ ಹೆಸರು ರಿಬ್ಕಾ ಅಲ್ಲ, ರೀಬಾ. ಎಲ್ಲರೂ ಕ್ರೈಸ್ತಳೆಂದೇ ತಿಳಿದಿದ್ದಾರೆ. ಅವಳು ಹಾಗೆಂದು ಹೇಳಿದವಳಲ್ಲ, ತಿದ್ದಿದವಳೂ ಅಲ್ಲ. ಕೆಲವು ವರ್ಷಗಳ ಹಿಂದೆ ಈ ದೇಶ ಇಸ್ರೇಲಿನೊಂದಿಗೆ ಸಂಬಂಧ ಬೆಳೆಸಿದಾಗ ಇಲ್ಲಿ ಯೆಹೂದಿಗಳ ಪ್ರಾರ್ಥನೆ, ಮದುವೆ, ಊಟ ಎಲ್ಲವೂ ಬಹಿರಂಗವಾಗಿ ನಡೆಯತೊಡಗಿದ್ದವು. ರಿಬ್ಕಾ ಹೊರಬಾಗಿಲಿಗೆಂದು ಹೊಸ ಕರಡಿಗೆಯನ್ನೇ ಕೊಂಡಿದ್ದಳು. ಇಂದು ಹೊಡೆಯೋಣ, ನಾಳೆ ಹೊಡೆಯೋಣ ಎನ್ನುವಷ್ಟರಲ್ಲಿ ಗಾಜಾದಲ್ಲಿ ಯುದ್ಧ ಆರಂಭವಾಯಿತು.

‘ಯಾರರ ಏನರ ಅಂದ್ರೇನು?’

‘ಯಾರೂ ಏನೂ ಅಂದಿಲ್ಲ,’ ಎಂದವಳು ಎದುರುಬಾಗಿಲಿನತ್ತ ಗದ್ದ ತೋರಿಸಿದಳು. ‘ಮೈಮೂನಾ ಅಂದಾಳ. ನನಗ ಅಲ್ಲ. ಟೀವಿಗೆ.’

ಮೈಮೂನಾ ಉಳ್ಳಾಲದ ಕಡೆಯ ಬ್ಯಾರಿ ಹೆಣ್ಣುಮಗಳು. ಗಂಡನಿಗೆ ದೇರಾ ಪೇಟೆಯಲ್ಲಿ ಅತ್ತರಿನ ಅಂಗಡಿ. ಹತ್ತು-ಹನ್ನೆರಡು ವರ್ಷಗಳಿಂದ ರಿಬ್ಕಾ ದಂತವೈದ್ಯರ ಚಿಕಿತ್ಸಾಲಯದ ಕೆಲಸ ಮುಗಿಸಿ ಬಂದ ಮೇಲೆ ಸಂಜೆಯ ಚಹ ಕುಡಿಯುವುದು ಮೈಮೂನಾಳ ಮನೆಯಲ್ಲಿ. ಬೆನ್ನಿಯವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಊಟದ ಬುತ್ತಿ ಬಂದದ್ದು ಆ ಮನೆಯಿಂದ. ಯುದ್ಧ ಆರಂಭವಾದ ಮೇಲೆ ಒಂದು ಸಂಜೆ, ಕುಸಿದ ಮನೆಯಿಂದ ಮಗುವೊಂದನ್ನು ಹೊರತೆಗೆಯುವುದನ್ನು ಟೀವಿಯಲ್ಲಿ ನೋಡುತ್ತ ಮೈಮೂನಾ ಅತ್ತಳಂತೆ. ಅಳುತ್ತಲೇ, ‘ಈ ಯಹೂದಿಗಳ ಸಂತತಿಯೇ ನಾಶ ಆಗಲಿ’ ಎಂದು ಶಪಿಸಿದಳಂತೆ. ಪಕ್ಕದಲ್ಲಿ ಚಹದ ಬಟ್ಟಲು ಹಿಡಿದು ಕುಳಿತಿದ್ದವಳು ರಿಬ್ಕಾ.

‘ನೀ ಏನ್ ಮಾಡಿದಿ?’

‘ಚಾ ಕುಡದೆ. ಆ ಕೂಸಿನ್ನ ನೋಡಿ ನಾನೂ ಅತ್ತಿದ್ದೆ ಸರೂ. ಇಬ್ಬರೂ ಒಂದs ಕೂಸಿಗೆ ಅತ್ತೇವಿ. ಆಕಿ ಶಾಪ ಮಾತ್ರ ನನ್ನ ಮಗಳು ಲೀಯಾಗ ತಾಗಿತು.’

ದೇರಾ ಪೇಟೆ

ಮರುದಿನ ಅವಲಕ್ಕಿಯನ್ನು ಹುಡುಕಲು ಹೊರಟೆವು. ನನ್ನ ಒತ್ತಾಯದಿಂದಲೇ ರಿಬ್ಕಾ ಮಲೀದಾಕ್ಕೆ ಒಪ್ಪಿದ್ದಳು. ಶಾರ್ಜಾದಲ್ಲಿರುವ ತಮ್ಮವರಿಗೆ ಫೋನು ಮಾಡಿಯಾಗಿತ್ತು. ಬಟ್ಟೆಯಿಲ್ಲದ ನಾನು ಅವಳ ಕುರ್ತಾವನ್ನು ತೊಟ್ಟಿದ್ದೆ. ಅವಳು ನನಗಿಂತ ಗೇಣುದ್ದ ಎತ್ತರವಾದ್ದರಿಂದ ಅದು ನಿಲುವಂಗಿಯಂತೆ ಜೋಲುತ್ತಿತ್ತು.

ಸಾಂಬಾರ ಪದಾರ್ಥಗಳ ಪೇಟೆಯಲ್ಲಿ ಒಣಗುಲಾಬಿಯ ಮೂಟೆಗಳ ಹಿಂದೆ ಕುಳಿತ ಇರಾನಿ ವ್ಯಾಪಾರಿಗಳು ಹಿಂದಿಯಲ್ಲಿ ಕೂಗಿ ಕರೆಯುತ್ತಿದ್ದರು. ಖರ್ಜೂರದ ಅಂಗಡಿಯವನು ನಾವು ಬೇಡವೆಂದರೂ ಬಾಯಿಗೆ ಒಂದೊಂದು ಹಣ್ಣು ಕೊಟ್ಟು, ನಮ್ಮ ಮುಖದ ಮೇಲೆ ರುಚಿಯನ್ನು ಓದುತ್ತ ನಿಂತ. ಧಾರವಾಡದ ಪೇಟೆಯಲ್ಲಿ ದ್ರಾಕ್ಷಿಯ ಹೆಂಗಸರು ಹೀಗೆಯೇ ಮಾಡುತ್ತಾರೆ. ತಿಂದವರು ಕೊಳ್ಳದೆ ಹೋಗುವುದಕ್ಕೆ ನಾಚುತ್ತಾರೆಂಬುದು ಎರಡೂ ಊರಿಗೆ ತಿಳಿದಿದೆ.

ಅವಲಕ್ಕಿ ಕೊನೆಗೆ ಒಂದು ಗುಜರಾತಿ ಅಂಗಡಿಯಲ್ಲಿ ಸಿಕ್ಕಿತು. ತೆಗೆದು ನೋಡಿದರೆ ಕಾಗದದಂತೆ ತೆಳು, ನೆನೆಸಿದರೆ ಅಂಬಲಿಯಾಗುವಂಥದ್ದು.

‘ಇದು ಹುರದು ಚೂಡಾ ಮಾಡಾಕ ಆಗತೈತಿ. ಮಲೀದಾಕ್ಕ ಅಲ್ಲ,’ ಎಂದೆ.

‘ನಿನ್ನ ಅವಲಕ್ಕಿ ಮುಂಬೈದಾಗ ಸಮುದ್ರ ನೋಡಾಕತ್ತೈತಿ. ಇದ್ದದ್ದರಾಗ ಮಾಡೂಣು ನಡೀ.’

ದಾರಿಯುದ್ದಕ್ಕೂ ನಮ್ಮ ಮಾತೆಲ್ಲ ಕಾಲನಿಯದು. ಮಲೀದಾ ಆದ ದಿನ ಅವಳ ತಾಯಿ ಸಾರಾಬಾಯಿ ಸಾಲಿನ ಪ್ರತಿಯೊಂದು ಮನೆಗೂ ತಟ್ಟೆ ಕಳಿಸುತ್ತಿದ್ದರು. ಹಂಚುವ ಕೆಲಸ ನನ್ನದು. ಚೆಲ್ಲದೆ ನಡೆಯುವವಳೆಂಬ ಹೆಸರು ನನಗಿತ್ತು. ಸಾಲಿನಲ್ಲಿ ಲಿಂಗಾಯತರು, ವೈಷ್ಣವರು, ಮುಸಲ್ಮಾನರು, ತಮಿಳು ಕ್ರೈಸ್ತರು ಎಲ್ಲರೂ ಇದ್ದರು. ಒಬ್ಬರ ಒಲೆಯದು ಇನ್ನೊಬ್ಬರಿಗೆ ಸಲ್ಲುತ್ತಿರಲಿಲ್ಲ. ಆದರೆ ಮಲೀದಾಕ್ಕೆ ಒಲೆಯೇ ಬೇಡ. ಅವಲಕ್ಕಿ, ಕಾಯಿ, ಹಣ್ಣು. ಬೇಡವೆನ್ನುವುದಕ್ಕೆ ಯಾರಿಗೂ ನೆಪ ಸಿಗುತ್ತಿರಲಿಲ್ಲ. ಸಾಲಿನ ಎಲ್ಲ ಮನೆಗಳೂ ಉಣ್ಣುತ್ತಿದ್ದ ಒಂದೇ ತಟ್ಟೆ ಅದು. ಖಾಲಿ ತಟ್ಟೆಯನ್ನು ಹಿಂದಿರುಗಿಸುವುದು ಅಪಶಕುನವೆಂದು ಪ್ರತಿ ಮನೆಯವರೂ ಸಕ್ಕರೆಯೋ ಬೆಲ್ಲವೋ ಶೇಂಗಾವೋ ಹಾಕಿ ಮರಳಿಸುತ್ತಿದ್ದರು. ಹೀಗೆ ತಟ್ಟೆಗಳು ಮನೆಯಿಂದ ಮನೆಗೆ ಅಲೆದು ಕಲಬೆರಕೆಯಾಗುತ್ತಿದ್ದುದರಿಂದ ಎಲ್ಲರೂ ಪಾತ್ರೆಯಂಗಡಿಯಲ್ಲಿ ಹೆಸರು ಕೆತ್ತಿಸುತ್ತಿದ್ದರು.

ಅಂಥ ಸಾಲಿನಲ್ಲಿ ಬೆಳೆದ ರಿಬ್ಕಾ, ಇಲ್ಲಿಗೆ ಬಂದ ಬೆನೆ ಇಸ್ರೇಲರೂ ಊರಿನಲ್ಲಿಯೇ ಉಳಿದವರೂ ಹೇಳುವ ಮಾತನ್ನೇ ಹೇಳಿದಳು: ‘ನಮ್ಮ ದೇಶದಾಗ ನಮ್ಮನ್ನ ಯಾರೂ ದ್ವೇಷ ಮಾಡಲಿಲ್ಲ.’ ಮುಂದಿನ ಸಂದರ್ಶನಗಳಲ್ಲಿಯೂ ಈ ವಾಕ್ಯ ಬರದ ದಿನವಿರಲಿಲ್ಲ. ಅದು ನಿಜವೂ ಹೌದು. ಆದರೆ ಶಾಲೆಯ ಹಾಜರಿಯಲ್ಲಿ ಅವಳ ಜಾತಿಯನ್ನು ‘ಕ್ರಿಶ್ಚನ್’ ಎಂದೇ ಬರೆದಿದ್ದರೆಂಬುದು ನನಗೆ ನೆನಪಿದೆ. ನಾವು ಅವರನ್ನು ದ್ವೇಷಿಸಲಿಲ್ಲ, ಏಕೆಂದರೆ ಅವರು ಯಾರೆಂದು ನಮಗೆ ತಿಳಿದೇ ಇರಲಿಲ್ಲ. ತಿಳಿದ ಮೇಲೂ ತಟ್ಟೆ ತುಂಬಿ ಬರುತ್ತಿತ್ತೇ? ಬರುತ್ತಿತ್ತೆಂದು ನನ್ನ ನಂಬಿಕೆ. ಪರೀಕ್ಷೆಯಾಗದ ನಂಬಿಕೆ.

ಮಲೀದಾದ ಸಂಜೆ

ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಸೇರಬೇಕೆಂಬುದು ಪದ್ಧತಿ. ಮಧ್ಯಾಹ್ನದಿಂದಲೇ ಫೋನುಗಳು ಬರತೊಡಗಿದವು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಓವರ್‌ಟೈಮು, ಮತ್ತೊಬ್ಬರು ನೇರವಾಗಿಯೇ, ‘ಗುಂಪಾಗಿ ಸೇರೋದು ಈಗ ಬೇಡ ಬೆನ್ನಿ’ ಎಂದರು. ಸಂಜೆಗೆ ಬಂದವರು ಶಾರ್ಜಾದ ಹಿರಿಯ ದಂಪತಿ, ಅವರ ಅಳಿಯ, ಅಷ್ಟೇ. ಆ ಹಿರಿಯರು ಲಿಫ್ಟಿನಲ್ಲಿ ಕ್ರಿಕೆಟ್ಟಿನ ಟೊಪ್ಪಿಗೆ ಹಾಕಿಕೊಂಡಿದ್ದರು. ಬಾಗಿಲು ಮುಚ್ಚಿದ ಮೇಲೆ ಅದನ್ನು ತೆಗೆದರು; ಒಳಗೆ ಪ್ರಾರ್ಥನೆಯ ಪುಟ್ಟ ಟೊಪ್ಪಿಗೆ ಇತ್ತು.

‘ಹತ್ತಾಗಲಿಲ್ಲ,’ ಎಂದರು ಬೆನ್ನಿ ಹಿಂದಿಯಲ್ಲಿ. ‘ಎಲಿಯಾ ಪ್ರವಾದಿ ಎಣಿಸುವುದಕ್ಕೆ ಬರುವುದಿಲ್ಲ, ಉಣ್ಣುವುದಕ್ಕೆ ಬರುತ್ತಾನೆ. ಶುರುಮಾಡೋಣ.’

ತೆಳು ಅವಲಕ್ಕಿ ನಾನು ಹೇಳಿದಂತೆಯೇ ಮುದ್ದೆಯಾಗಿತ್ತು. ಅವರು ಮೊದಲು ಮೆಲ್ಲನೆಯ ದನಿಯಲ್ಲಿಯೇ ಹಾಡತೊಡಗಿದರು. ‘ಎಲಿಯಾಹೂ ಹನ್ನಾಬಿ’, ಎಂದರೆ ಪ್ರವಾದಿ ಎಲಿಯಾ, ಎಂಬ ಪಲ್ಲವಿ ಬಂದಾಗ ಬೆನ್ನಿಯವರ ದನಿ ಒಡೆಯಿತು. ಆ ಒಡೆದ ದನಿಯನ್ನು ಎತ್ತಿ ಹಿಡಿಯಲೆಂಬಂತೆ ಉಳಿದವರೆಲ್ಲ ಗಟ್ಟಿಯಾಗಿ ಹಾಡಿದರು. ಸಾರಾಬಾಯಿಯ ಮನೆಯ ಕೆಂಪು ನೆಲ, ಊದುಬತ್ತಿಯ ಹೊಗೆ, ಕಿಟಕಿಯ ಆಚೆ ಕಾರ್ಖಾನೆಯ ಭೋಂಗಾದ ಕೂಗು ಎಲ್ಲವೂ ನನ್ನ ಸುತ್ತ ಬಂದು ನಿಂತವು.

ಅಡುಗೆಮನೆಯ ಕಟ್ಟೆಯ ಮೇಲೆ ರಿಬ್ಕಾ ತಟ್ಟೆಗಳಿಗೆ ಹಾಕಿಟ್ಟಿದ್ದಳು. ಅವುಗಳಲ್ಲಿ ಒಂದು ಹಳೆಯ ಸ್ಟೀಲಿನ ತಟ್ಟೆ. ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದ ಅಕ್ಷರಗಳನ್ನು ಓದಿದೆ. ‘ಗೌರವ್ವ’. ಅದು ನನ್ನ ಅವ್ವನ ಹೆಸರು.

ರಿಬ್ಕಾಳ ತಂದೆಗೆ ವರ್ಗವಾಗಿ ಅವರು ಕಾಲನಿಯನ್ನು ಬಿಟ್ಟ ವಾರ, ಸಾಲಿನ ಯಾರ ಯಾರ ತಟ್ಟೆಗಳು ತಮ್ಮ ಮನೆಯಲ್ಲಿದ್ದವೋ ಅವನ್ನೂ ಹಾಗೆಯೇ ಗಂಟು ಕಟ್ಟಿದ್ದರು. ಹುಬ್ಬಳ್ಳಿಯಿಂದ ಮುಂಬಯಿಗೆ, ಮುಂಬಯಿಯಿಂದ ಇಲ್ಲಿಗೆ ಅವ್ವನ ತಟ್ಟೆ ಬಂದಿತ್ತು. ಅವ್ವ ತೀರಿಕೊಂಡು ಎಷ್ಟೋ ಕಾಲವಾಯಿತು.

ಮುಂದೆ ನಡೆದದ್ದು ನಾನು ಯೋಚಿಸಿ ಮಾಡಿದ್ದಲ್ಲ. ತಟ್ಟೆ ಕೈಗೆ ಬಂದ ಮೇಲೆ ಕಾಲುಗಳು ತಮಗೆ ಗೊತ್ತಿದ್ದ ಕೆಲಸವನ್ನು ಮಾಡಿದವು. ಬಾಗಿಲು ತೆರೆದು ಓಣಿಗೆ ಬಂದೆ. ಎದುರುಬಾಗಿಲಿನಲ್ಲಿ, ತಲೆಯ ಮೇಲೆ ದುಪಟ್ಟಾ ಹೊದ್ದ ಹೆಂಗಸು ತೆರೆದ ಕದಕ್ಕೆ ಒರಗಿ ನಿಂತಿದ್ದರು.

‘ನೀವು ಊರಿಂದ ಬಂದ ಟೀಚರ್ ಅಲ್ವಾ? ರೀಬಾ ಹೇಳಿದ್ದಳು,’ ಎಂದು ನಗುತ್ತ ಮೈಮೂನಾ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ‘ಎಂತ ವಿಶೇಷ? ಹಾಡು ಚಂದ ಕೇಳ್ತಾ ಇತ್ತು. ನಬಿ ನಬಿ ಅಂತ ಹೇಳಿದ ಹಾಗೆ ಆಯ್ತು ನನಗೆ. ಕ್ರಿಶ್ಚನ್ನರಲ್ಲಿ ನಬಿ ಅಂತ ಹೇಳುವುದುಂಟಾ?’

ಹುಟ್ಟುಹಬ್ಬ ಎಂದಿದ್ದರೆ ಸಾಕಾಗಿತ್ತು. ಮುಗುಳ್ನಕ್ಕು ಸುಮ್ಮನಿದ್ದರೂ ಸಾಕಾಗಿತ್ತು. ಆದರೆ ಪ್ರಶ್ನೆ ಕೇಳಿದವರಿಗೆ ಪೂರ್ಣ ವಾಕ್ಯದಲ್ಲಿ ಸರಿಯಾದ ಉತ್ತರ ಕೊಡುವುದನ್ನು ನಾನು ಮಕ್ಕಳಿಗೆ ಎಷ್ಟು ವರ್ಷ ಕಲಿಸಿದೆನೋ, ಅಷ್ಟೂ ವರ್ಷಗಳು ನನ್ನ ಬಾಯಿಯಿಂದ ಮಾತನಾಡಿದವು.

‘ಇವರು ಕ್ರೈಸ್ತರಲ್ಲ, ಯೆಹೂದಿಗಳು. ಎಲಿಯಾ ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡಿದ್ದಾರೆ.’

ಮೈಮೂನಾ ಅವರ ಮುಖದಲ್ಲಿ ಸಿಟ್ಟೇನೂ ಕಾಣಿಸಲಿಲ್ಲ. ಏನೋ ಲೆಕ್ಕ ತಪ್ಪಿದವರಂತೆ ತಟ್ಟೆಯನ್ನು ನೋಡಿದರು, ರಿಬ್ಕಾಳ ಬಾಗಿಲನ್ನು ನೋಡಿದರು. ‘ಹೌದಾ,’ ಎಂದರು. ಕದ ಮುಚ್ಚಿತು, ಸದ್ದಾಗದಂತೆ, ಬಹಳ ಮೆಲ್ಲಗೆ.

ತಿರುಗಿದರೆ ಹಿಂದೆ ರಿಬ್ಕಾ ನಿಂತಿದ್ದಳು.

‘ಹೇಳಿದಿ?’

‘ಹೇಳಿದೆ.’

ಅವಳು ಅತಿಥಿಗಳನ್ನು ಲಿಫ್ಟಿನವರೆಗೆ ಕಳಿಸಿ ಬಂದಳು. ಆಮೇಲೆ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: ‘ನನ್ನ ಕೆಲಸಾ ಹೋಗೂದಿಲ್ಲ. ಯಾರೂ ಬಂದು ಬಾಗಲಾ ಬಡಿಯೂದಿಲ್ಲ. ಈ ದೇಶದಾಗ ಅಂಥದ್ದಕ್ಕ ಆಸ್ಪದ ಇಲ್ಲ, ನನಗ ಗೊತ್ತೈತಿ. ಆದರ ನಾಳಿ ಸಂಜೀಕ ಚಾಕ್ಕ ಆಕಿ ಕರೀಲಿಲ್ಲ ಅಂದ್ರ ನಾ ಎಲ್ಲಿ ಹೋಗಲಿ?’

ಅಬುಧಾಬಿ

ಮೊದಲೇ ಗೊತ್ತುಪಡಿಸಿದ್ದ ಸಂದರ್ಶನಗಳಿಗಾಗಿ ಮರುದಿನ ಬಸ್ಸು ಹಿಡಿದು ಅಬುಧಾಬಿಗೆ ಹೋದೆ. ಕಿಟಕಿಯ ಹೊರಗೆ ಮರಳು, ಮರಳಿನ ನಡುವೆ ನೀರು ಕುಡಿಸಿ ಸಾಕಿದ ಮರಗಳ ಸಾಲು. ಇಂಥ ಸಾಲನ್ನು ಧಾರವಾಡದಲ್ಲಿ ನಾವು ರಸ್ತೆ ಅಗಲಿಸುವುದಕ್ಕಾಗಿ ಕಡಿಯುತ್ತೇವೆ. ತಂಗಿದ್ದು ಟೂರಿಸ್ಟ್ ಕ್ಲಬ್ ಏರಿಯಾದ ಸಣ್ಣ ಹೊಟೇಲಿನಲ್ಲಿ. ಜೋಲುವ ಕುರ್ತಾವನ್ನು ನೋಡಿ ಸ್ವಾಗತಕಟ್ಟೆಯವನು ನನ್ನನ್ನು ಯಾವುದೋ ಆಶ್ರಮದವಳೆಂದು ಭಾವಿಸಿ ಕೈಮುಗಿದ.

ಇಲ್ಲಿ ಒಂದೇ ಆವರಣದಲ್ಲಿ ಮಸೀದಿ, ಚರ್ಚು, ಯೆಹೂದಿಗಳ ಸಿನಗಾಗ್ ಮೂರನ್ನೂ ಸಮನಾದ ಮೂರು ಬಿಳಿಯ ಕಟ್ಟಡಗಳಾಗಿ ಕಟ್ಟಿದ್ದಾರೆ. ಅಲ್ಲಿ ನನ್ನನ್ನು ಭೇಟಿಯಾದವರು ಮಿರಿಯಂ ಎಂಬ ಫ್ರಾನ್ಸ್ ಮೂಲದ ಶಿಕ್ಷಕಿ. ಶಿಕ್ಷಕಿಯರಿಬ್ಬರೂ ಮೊದಲು ಮಕ್ಕಳ ಕೈಬರಹ ಕೆಡುತ್ತಿರುವ ಬಗ್ಗೆ ದುಃಖಿಸಿ, ಆನಂತರ ವಿಷಯಕ್ಕೆ ಬಂದೆವು. ಸಿನಗಾಗಿನ ಒಳಗೆ ಬೆಳಕು ಜಾಲರಿಯಿಂದ ಸೋಸಿ ಇಳಿಯುತ್ತಿತ್ತು. ಕಟ್ಟಡ ಎಲ್ಲರಿಗೂ ತೆರೆದಿತ್ತು. ಕೆಲವು ಯೆಹೂದಿಗಳು ಮಾತ್ರ ಅಲ್ಲಿಂದ ಹೊರಡುವ ಮೊದಲು ತಮ್ಮ ಧರ್ಮದ ಗುರುತಾದ ಆರು ಮೂಲೆಯ ನಕ್ಷತ್ರವಿದ್ದ ಕುತ್ತಿಗೆಯ ಸರವನ್ನು ಅಂಗಿಯೊಳಗೆ ಇಳಿಬಿಡುವುದನ್ನು ನಾನು ಕಂಡೆ.

‘ಪ್ಯಾರಿಸ್ಸಿನಲ್ಲಿ ನನ್ನ ತಮ್ಮ ಅಂಚೆಪೆಟ್ಟಿಗೆಯಿಂದ ಮನೆಯ ಹೆಸರನ್ನು ಕಿತ್ತಿದ್ದಾನೆ,’ ಎಂದರು ಮಿರಿಯಂ. ‘ಅಲ್ಲಿಗಿಂತ ಇಲ್ಲಿ ನಾನು ನಿಶ್ಚಿಂತೆಯಿಂದ ನಿದ್ರಿಸುತ್ತೇನೆ. ಆದರೂ ಟ್ಯಾಕ್ಸಿಯವನು ಯಾವ ದೇಶ ಎಂದು ಕೇಳಿದರೆ ಉತ್ತರ ಕೊಡುವ ಮುನ್ನ ಒಂದು ಕ್ಷಣ ತಡೆಯುತ್ತೇನೆ. ಆ ಒಂದು ಕ್ಷಣವನ್ನು ನಿಮ್ಮ ಪ್ರಶ್ನಾವಳಿಯಲ್ಲಿ ಎಲ್ಲಿ ಬರೆದುಕೊಳ್ಳುತ್ತೀರಿ?’

ಪ್ರಶ್ನಾವಳಿ ಮುಂಬಯಿಯಲ್ಲಿತ್ತು, ಇದ್ದಿದ್ದರೂ ಅದರಲ್ಲಿ ಅಂಥ ಅಂಕಣವಿರಲಿಲ್ಲ. ನನ್ನ ತಿಳಿವಳಿಕೆ ಇಷ್ಟು: ಒಂದು ಸರಕಾರ ಮಾಡಿದ್ದನ್ನು ಎಷ್ಟು ಕಟುವಾಗಿ ಖಂಡಿಸಿದರೂ ಅದು ಯೆಹೂದಿದ್ವೇಷವಲ್ಲ. ಎಲ್ಲಿಯೋ ಯಾರೋ ಮಾಡಿದ್ದಕ್ಕೆ ಪಕ್ಕದ ಮನೆಯವಳಿಂದ ಜವಾಬು ಕೇಳತೊಡಗಿದ ಕ್ಷಣದಲ್ಲಿ ಆ ದ್ವೇಷ ಹುಟ್ಟುತ್ತದೆ. ಕೇಳಿಯಾರೆಂದು ಹೆದರಿ ಪಕ್ಕದ ಮನೆಯವಳು ಮೊದಲೇ ಬಾಯಿ ಮುಚ್ಚಿಕೊಂಡರೆ, ಕೇಳದಿದ್ದವರ ಮೇಲೂ ಸಂಶಯ ಬೀಳುತ್ತದೆ. ಮೈಮೂನಾ ಶಪಿಸಿದ್ದು ನಿಜ. ಆದರೆ ತಾನು ಯಾರೆದುರು ಶಪಿಸುತ್ತಿದ್ದೇನೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಅವರು ಏನು ಮಾಡುವರೆಂಬುದೇ ಈಗ ಉಳಿದ ಪ್ರಶ್ನೆ. ಅದರ ಉತ್ತರಕ್ಕೆ ಕಾಯುತ್ತಿದ್ದವಳು ಸಂಶೋಧಕಿಯಲ್ಲ, ನನ್ನ ಗೆಳತಿ.

ಸಂಜೆ ಫೋನು ಮಾಡಿದೆ. ‘ತಾಟು ಬಂತೇನು?’

‘ಇಲ್ಲ.’

ಮರುದಿನವೂ ಕೇಳಿದೆ. ‘ಬಂದಿಲ್ಲ. ಲಿಫ್ಟಿನಾಗ ಸಿಕ್ಕಿದ್ಲು. ಸಲಾಂ ಅಂದೆ. ಸಲಾಂ ಅಂದ್ಲು. ಚಾಕ್ಕ ಬಾ ಅನ್ನಲಿಲ್ಲ.’ ಆಮೇಲೆ, ‘ನಿಮ್ಮವ್ವನ ತಾಟು ಸರೂ, ಹೋತಲ್ಲ. ನಿನಗs ಕೊಟ್ಟು ಕಳಸಬೇಕು ಅಂತ ಇಟ್ಟಿದ್ದೆ,’ ಎಂದಳು. ಅವಳು ಮರುಗಿದ್ದು ತಟ್ಟೆಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮತ್ತೆ ಮುರಕ್ಕಬಾತ್

ಹಿಂದಿರುಗಿ ಬಂದಾಗ ನನ್ನ ಪೆಟ್ಟಿಗೆ ಬಾಗಿಲಲ್ಲಿ ಕುಳಿತಿತ್ತು. ಊರಿಗೆ ಹೊರಡುವ ಹೊತ್ತಿಗೆ ಬಟ್ಟೆ ಬಂದಿತ್ತು. ಅವಲಕ್ಕಿಯ ಗಂಟು ಬಿಚ್ಚದೆ ಹಾಗೆಯೇ ಇತ್ತು. ರಿಬ್ಕಾ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದುಕೊಂಡಳು.

ಆಗ ಗಂಟೆ ಸದ್ದು ಮಾಡಿತು.

ಮೈಮೂನಾ ನಿಂತಿದ್ದರು. ಕೈಯಲ್ಲಿ ಅವ್ವನ ತಟ್ಟೆ, ಅದರ ಮೇಲೆ ಬೆಳ್ಳಿಹಾಳೆಯ ಮುಚ್ಚಳ. ಒಳಗೆ ಬನ್ನಿ ಎಂದರೂ ಬರಲಿಲ್ಲ.

‘ನಾನು ಜಗಳಕ್ಕೆ ಬಂದದ್ದು ರೀಬಾ,’ ಎಂದರು. ‘ಇಷ್ಟು ವರ್ಷ ನನ್ನ ಮನೆಯಲ್ಲಿ ಕೂತು ಚಾ ಕುಡಿದದ್ದಲ್ವಾ ನೀನು? ಒಂದು ಮಾತು ಹೇಳಬೇಕು ಅಂತ ಕಾಣಲಿಲ್ವಾ? ನಾನು ಎಂತ, ಕಚ್ಚುತ್ತಿದ್ದೆನಾ?’

‘ಅವತ್ತ ಟೀವಿ ಮುಂದ ನೀವು ಅಂದದ್ದು...’

‘ಗೊತ್ತುಂಟು. ಈಗ ಗೊತ್ತುಂಟು. ಮೂರು ದಿನದಿಂದ ಅದೇ ತಲೆಯಲ್ಲಿ. ಹೇಳುವಾಗ ನೀನು ಪಕ್ಕದಲ್ಲಿ ಕೂತಿದ್ದಿ. ನಿನ್ನ ಲೀಯಾಳಿಗೆ ನಾನೇ ಮದರಂಗಿ ಹಾಕಿದ್ದು, ಅವಳ ಸಂತತಿ ನಾಶ ಆಗಲಿ ಅಂತ ನಾನು ಹೇಳ್ತೇನಾ ಮಾರಾಯ್ತಿ?’ ತಟ್ಟೆಯ ಮುಚ್ಚಳವನ್ನು ಒತ್ತಿ ಸರಿಮಾಡಿದರು. ‘ಮಕ್ಕಳು ಸಾಯುವುದು ನೋಡಿದರೆ ನನಗೆ ತಡೆಯುವುದಿಲ್ಲ. ನಾಳೆಯೂ ಅಳ್ತೇನೆ, ನಾಳೆಯೂ ಬೈತೇನೆ. ಬಾಂಬು ಹಾಕುವವರನ್ನು ಬೈತೇನೆ. ಅದಕ್ಕೆ ನೀನು ಬೇಡ ಅನ್ನಬಾರದು.’

‘ನಾ ಯಾಕ ಬ್ಯಾಡ ಅನ್ಲಿ? ನಾನೂ ಅಳ್ತೀನಿ,’ ಎಂದಳು ರಿಬ್ಕಾ. ಈಗಲೂ ಅಳುತ್ತಿದ್ದಳು.

‘ಮತ್ತೆ ತಟ್ಟೆ. ಅವತ್ತೇ ಕೊಡಬೇಕು ಅಂತ ಇದ್ದೆ. ಎಂತ ಹಾಕಿ ಕೊಡುವುದು ಅಂತ ಗೊತ್ತಾಗಲಿಲ್ಲ. ನಿಮಗೆ ಯಾವುದು ಆಗ್ತದೆ, ಯಾವುದು ಆಗುವುದಿಲ್ಲ? ನನ್ನ ಮಗ ಇಲ್ಯಾಸ್ ಫೋನಿನಲ್ಲಿ ನೋಡಿ ಹೇಳಿದ, ಅವರಿಗೆ ಎಟ್ಟಿ ಆಗುವುದಿಲ್ಲ ಉಮ್ಮಾ, ಧರ್ಮದಲ್ಲೇ ಇಲ್ಲ ಅಂತ.’ ಎಟ್ಟಿ ಎಂದರೆ ಸಿಗಡಿ. ಮೈಮೂನಾ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. ‘ಕೇಳಿದ್ರಾ ಟೀಚರ್? ನನಗೆ ಇವಳು ಹೇಳಿದ್ದು ಎಂತ? ಎಲರ್ಜಿ ಅಂತೆ! ಮೈಯೆಲ್ಲ ತುರಿಸ್ತದಂತೆ! ಅದಕ್ಕೆ ನಾನು ಇಷ್ಟು ವರ್ಷ ಎಟ್ಟಿ ಕಾಯಿಸುವ ಬಾಣಲೆ ಬೇರೆ, ಇವಳ ಮೀನಿನ ಬಾಣಲೆ ಬೇರೆ. ಸೌಟೂ ಬೇರೆ. ಸೊಸೆ ತಪ್ಪಿ ಮುಟ್ಟಿದರೆ ಬೈತಿದ್ದೆ, ರೀಬಾ ಸತ್ತೇ ಹೋದಾಳು ಅಂತ.’

ರಿಬ್ಕಾ ಅಳುತ್ತ ಇದ್ದವಳು ನಗತೊಡಗಿದಳು. ನಗು ನಿಲ್ಲಿಸಲಾರದೆ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ಧರ್ಮದ ನೇಮವನ್ನು ಓಣಿಯ ಆಚೆ ಒಬ್ಬರು, ಅದು ನೇಮವೆಂದು ತಿಳಿಯದೆ, ಇಷ್ಟು ಕಾಲ ಪಾಲಿಸಿಕೊಂಡು ಬಂದಿದ್ದರು.

ಮೈಮೂನಾ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. ‘ಅಂಜಲ್ ಮೀನು. ನಿನ್ನ ಬಾಣಲೆಯಲ್ಲೇ ಕಾಯಿಸಿದ್ದು. ಬಾಣಲೆ ಈಗಲೂ ಬೇರೆಯೇ ಉಂಟು.’ ತಿರುಗಿ ಹೋಗುತ್ತ, ಬೆನ್ನು ಹಾಕಿಯೇ ಸೇರಿಸಿದರು: ‘ನಿನ್ನ ಮೇಲೆ ಸಿಟ್ಟೂ ಉಂಟು. ಅದು ಇಷ್ಟು ಬೇಗ ಹೋಗುವುದಿಲ್ಲ.’

ಕದ ಮುಚ್ಚಿತು. ಈ ಬಾರಿ ಧಡ್ ಎಂದು ಸದ್ದಾಯಿತು, ಮನೆಯವರ ಮೇಲೆ ಮುನಿಸಿಕೊಂಡವರು ಮುಚ್ಚುವಂತೆ.

ಬೆನ್ನಿ ನಿಂತಲ್ಲಿಯೇ ಮೀನನ್ನು ಮುಗಿಸಿದರು. ಜೀವನದಲ್ಲಿ ಮೊಟ್ಟೆಯನ್ನೂ ಮುಟ್ಟದ ನನ್ನ ಅವ್ವ ತನ್ನ ತಟ್ಟೆಯಲ್ಲಿ ಹುರಿದ ಅಂಜಲನ್ನು ಕಂಡಿದ್ದರೆ ಬೂದಿ ಹಾಕಿ ಏಳು ಬಾರಿ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ಸಕ್ಕರೆ ಹಾಕಿ ಹಿಂದಿರುಗಿಸುತ್ತಿದ್ದಳು. ರಿಬ್ಕಾ ತಟ್ಟೆಯನ್ನು ತೊಳೆದು, ಒರೆಸಿ, ನನ್ನ ಪೆಟ್ಟಿಗೆಯ ಬಳಿ ತಂದಳು.

‘ತಗೋ. ನಿಮ್ಮವ್ವಂದು.’

ನನಗೆ ಅದು ಬೇಕಾಗಿತ್ತು. ಕೆತ್ತಿದ ಹೆಸರಿನ ಮೇಲೆ ಹೆಬ್ಬೆರಳನ್ನು ಆಡಿಸಿದೆ. ಅವ್ವನ ಕೈ ತಾಗಿದ ವಸ್ತು ನನ್ನ ಮನೆಯಲ್ಲಿ ಇನ್ನೊಂದು ಉಳಿದಿಲ್ಲ.

‘ಖಾಲಿ ತಾಟು ಒಯ್ಯೂದು ಹ್ಯಾಂಗ?’ ಎಂದೆ. ‘ಆಕಿ ತುಂಬಿ ಕಳಿಸ್ಯಾಳ. ಸರದಿ ನಿಂದು.’

ರಿಬ್ಕಾ ಗಂಟನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಆಮೇಲೆ ಹುಬ್ಬಳ್ಳಿಯ ಅವಲಕ್ಕಿಯನ್ನು ನೆನೆಸಿದಳು, ಕಾಯಿ ತುರಿದಳು, ಉಳಿದಿದ್ದ ಗುಲಾಬಿಯ ಎಸಳುಗಳನ್ನು ಮೇಲೆ ಉದುರಿಸಿದಳು. ಅವಲಕ್ಕಿ ಒಂದೊಂದು ಕಾಳೂ ಬಿಡಿಬಿಡಿಯಾಗಿ ನಿಂತಿತ್ತು. ನಾನು ಅಭ್ಯಾಸಬಲದಿಂದ ಎದ್ದವಳು ಮತ್ತೆ ಕುಳಿತುಕೊಂಡೆ. ತಟ್ಟೆಯನ್ನು ಈ ಬಾರಿ ನಾನು ಮುಟ್ಟಲಿಲ್ಲ.

ಅವಳೇ ಎರಡೂ ಕೈಯಲ್ಲಿ ಹಿಡಿದು ಓಣಿ ದಾಟಿದಳು. ಮೊಣಕೈಯಿಂದ ಗಂಟೆಯನ್ನು ಒತ್ತಿದಳು. ಒಳಗಿನಿಂದ, ಇನ್ನೂ ಮುನಿಸಿನ ದನಿಯಲ್ಲಿ, ‘ಯಾರು?’ ಎಂಬ ಪ್ರಶ್ನೆ ಬಂತು.

‘ನಾನು,’ ಎಂದಳು ಗೆಳತಿ. ಒಂದು ಕ್ಷಣ ತಡೆದು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: ‘ರಿಬ್ಕಾ.’